ಅಣ್ಣ ತಿರುಗಿಸಿದ ಸ್ಕ್ರೂ

೯ ಮಾರ್ಚ್ ೧೯೯೮, ಸೋಮವಾರ

ಸಿದ್ರಾಮಪ್ಪಣ್ಣನಿಗೆ ಇನ್ನು ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ಒಡಹುಟ್ಟಿದವನು, ಬೈಯುವಂತೆಯೂ ಇಲ್ಲ. ಅವನ ಹಳೆಯ ಲಾರಿಯ ಎಂಜಿನ್ನನ್ನು ತಿಂಗಳುಗಟ್ಟಲೆ ಕೂತು ಕಟ್ಟಿದ್ದೆ. ದೊಡ್ಡ ಡೀಸೆಲ್ ಪಂಪು, ಡೀಸೆಲ್ ಚಿಮ್ಮಿಸುವ ಹೊಸ ನಾಜಲ್‌ಗಳನ್ನು ಹಾಕಿ, ಎಂಜಿನ್ ತಡೆದುಕೊಳ್ಳುವಷ್ಟೇ ಡೀಸೆಲ್ ಹೋಗುವಂತೆ ಸ್ಕ್ರೂ ಕೂರಿಸಿ, ಇದನ್ನು ಮುಟ್ಟಬೇಡವೆಂದು ಕೈಮುಗಿದು ಕಳಿಸಿದ್ದೆ.

ಮುಟ್ಟಿದ. ಹೆಚ್ಚು ಡೀಸೆಲ್ ಉರಿದ ಕಾವಿಗೆ ಕಾತ್ರಜ್ ಘಾಟಿನ ಏರಿನಲ್ಲಿ ಪಿಸ್ಟನ್ ಕರಗಿತು. ಇವತ್ತು ಲಾರಿಯನ್ನು ಕೊಂಢವಾದಲ್ಲಿರುವ ನಮ್ಮ ಗ್ಯಾರೇಜಿಗೆ ಎಳೆದು ತಂದರು.

“ಸ್ಕ್ರೂ ಯಾಕ ತಿರುವಿದಿ ಅಣ್ಣಾ?”

“ಮುಂದ ಲಕ್ಷುರಿ ಬಸ್ ಹೊಂಟಿತ್ತೋ. ದಾರೀನ ಬಿಡವಲ್ದಾಗಿತ್ತು.”

ಪಿಸ್ಟನ್ ಬಿಚ್ಚಿ ಅವನ ಕೈಗೇ ಕೊಟ್ಟೆ. ನಟ್ಟನಡುವೆ ತೂತು. ನೋಡಿ ನಾಚಿಕೊಳ್ಳುತ್ತಾನೆ ಎಂದುಕೊಂಡರೆ ಮುಖದ ತುಂಬ ನಗು.

“ಬಸ್ಸಿನಾಂವ ಹಿಂದ ಉಳದ ನೋಡು! ಎಂಜಿನ್ ಭಾಳ ಚಲೋ ಕಟ್ಟಿದಿ ತಮ್ಮಾ.”

ಬೈಯಲೆಂದೇ ಬಾಯಿ ತೆರೆದವನು, “ಯಾವ ಗೇರಿನ್ಯಾಗ ಹತ್ತಿತು?” ಎಂದು ಕೇಳಿಬಿಟ್ಟೆ.

“ಮೂರನೇದ್ರಾಗ. ಮಾಲು ತುಂಬಿತ್ತು.”

ಮಾಲು ತುಂಬಿದ ಲಾರಿಗಳು ಆ ಏರಿನಲ್ಲಿ ಒಂದನೇ, ಎರಡನೇ ಗೇರಿನಲ್ಲೇ ತೆವಳುತ್ತವೆ. ನನಗೂ ನಗು ಬಂತು. ಅವನೆದುರಿಗೇ ನಕ್ಕೆ. ಅದೇ ಈಗ ಮೈ ಉರಿಸುತ್ತಿದೆ. ಇನ್ನು ಯಾವ ಮುಖವಿಟ್ಟುಕೊಂಡು ಅವನಿಗೆ ಮುಟ್ಟಬೇಡ ಎನ್ನಲಿ? ಮತ್ತೆ ಕಟ್ಟಬೇಕು, ಅವನು ಮತ್ತೆ ತಿರುಗಿಸುತ್ತಾನೆ. ಸಾಕಾಗಿದೆ. ಆದರೂ ಮಾಲು ತುಂಬಿದ ಲಾರಿ, ಕಾತ್ರಜ್ ಘಾಟು, ಅದೂ ಮೂರನೇ ಗೇರಿನಲ್ಲಿ...