ಹೊಟ್ಟೆಗೆ ಹಾಕ್ಕೋ

ಅಮ್ಮನ ಅಡುಗೆಮನೆ,
ಮಾರ್ಚ್ 12, ಮಧ್ಯಾಹ್ನ

ಅಣ್ಣಾ,

‘ಪ್ರೀತಿಯ’ ಅಂತ ಬರೆಯೋಕೆ ಕೈ ಏಳಲಿಲ್ಲ, ಬಿಟ್ಟಿದ್ದೀನಿ. ಹೇಗಿದ್ದೀಯಾ? ಮಂಡಿನೋವು ಕಡಿಮೆಯಾಯ್ತಾ? ಅತ್ತಿಗೆ ಚೆನ್ನಾಗಿದ್ದಾರಾ? ಮಗಳ ಹೊಟ್ಟೆನೋವು ಹೇಗಿದೆ, ಇನ್ನೂ ನೀನು ಹೇಳೋ ಹಾಗೆ ಸ್ಕೂಲ್ ಬಸ್ಸು ಬರೋ ಹೊತ್ತಿಗೆ ಸರಿಯಾಗಿ ಬರುತ್ತಾ? ಇಷ್ಟು ಕೇಳೋದು ತಂಗಿಯಾದೋಳ ಕರ್ತವ್ಯ, ಕೇಳಿದ್ದಾಯ್ತು. ಫೋನ್ ಎತ್ತಿದ್ದಿದ್ರೆ ಅಲ್ಲೇ ಕೇಳ್ತಿದ್ದೆ. ಸ್ಪರ್ಧೆಯ ಮಾರನೇ ದಿನ ಬೆಳಗಾಗೋದಕ್ಕೆ ಮುಂಚೆ ಶಿಷ್ಯರನ್ನೆಲ್ಲ ವ್ಯಾನಿಗೆ ತುಂಬಿಕೊಂಡು ನಿನ್ನೂರಿಗೆ ಹೊರಟೋನು ನೀನು. ಆವತ್ತಿಂದ ಫೋನು ಬರೀ ರಿಂಗ್ ಆಗ್ತಾನೇ ಇದೆ. ಅದಕ್ಕೇ ಕಾಗದ. ಅಮ್ಮ ನನ್ನೆದುರಿಗೇ ಕೂತು ಬಟಾಣಿ ಬಿಡಿಸ್ತಿದ್ದಾಳೆ. ‘ಒಳ್ಳೇ ಮಾತು ಬರಿಯೇ’ ಅಂತ ಆಗಲೇ ಹತ್ತು ಸಲ ಹೇಳಿಯಾಯ್ತು.

ನನ್ನ ಆರೋಗ್ಯ ನೀನು ಕೇಳಲ್ಲ, ನಾನೇ ಹೇಳ್ತೀನಿ. ಸೋಮವಾರದವರೆಗೆ ನೀರು ಕುಡಿದ್ರೂ ವಾಪಸ್ ಬರ್ತಿತ್ತು. ನಿನ್ನೆಯಿಂದ ಅನ್ನ ನಿಲ್ತಿದೆ. ಡಿಪೋಗೆ ರಜೆ ಹಾಕಿದ್ದೀನಿ, ಈ ಸ್ಥಿತಿಯಲ್ಲಿ ಬಸ್ಸು ಓಡಿಸೋಕಾಗುತ್ತಾ? ಹೊಟ್ಟೆ ಕೆಟ್ಟ ಡ್ರೈವರ್ ಪಾಡು ಏನು ಅಂತ ಎಷ್ಟು ಸಲ ಹೇಳೋಕೆ ಬಂದ್ರೂ ನೀನು ನಗ್ತಿದ್ದೆ. ಎಷ್ಟು ವರ್ಷ ಈ ಊರಿನ ದಾರಿಗಳೆಲ್ಲ ನನ್ನ ತಲೆಯಲ್ಲಿ ಇದ್ದದ್ದು ಪಾಯಿಖಾನೆಯ ಲೆಕ್ಕದಲ್ಲೇ. ಪೆಟ್ರೋಲ್ ಬಂಕಿನೋನು ಕೇಳಿದ್ರೆ ಕೀ ಕೊಡ್ತಾನೆ, ಲೈಬ್ರರಿಯದ್ದು ಸಂಜೆ ಮುಚ್ಚಿರುತ್ತೆ, ಕೊನೇ ಸ್ಟಾಪಿನದ್ದಕ್ಕೆ ಚಿಲಕ ಇಲ್ಲ, ಒಂದು ಕಾಲು ಬಾಗಿಲಿಗೆ ಒತ್ತಿಕೊಂಡೇ ಕೂರಬೇಕು. ವಾಪಸ್ ಬಂದು ಸ್ಟೇರಿಂಗ್ ಹಿಡಿದ್ರೆ ಹಿಂದಿನಿಂದ ‘ಮೇಡಂಗೆ ಟೀ ಆಯ್ತಾ’ ಅಂತ ಗೊಣಗಾಟ. ಅದನ್ನೆಲ್ಲ ಸಹಿಸಿಕೊಂಡೆ. ನಿನ್ನ ‘ನೆಪರಾಣಿ’ ಮಾತ್ರ ಯಾವತ್ತೂ ಸಹಿಸೋಕಾಗಲಿಲ್ಲ.

ಆ ಹೆಸರು ಇಟ್ಟೋನು ನೀನೇ, ನೆನಪಿದೆಯಾ? ಈಜುಕೊಳದ ಅಂಚಲ್ಲಿ ಹೊಟ್ಟೆ ಹಿಡ್ಕೊಂಡು ಕೂತಿದ್ದೆ, ನೀನು ಕಾಲಲ್ಲಿ ನೀರೆರಚಿ ‘ಏಳೇ ನೆಪರಾಣಿ’ ಅಂದೆ. ಸುತ್ತ ಇದ್ದೋರೆಲ್ಲ ನಕ್ಕರು, ಅಮ್ಮನೂ ನಕ್ಕಳು. ನೀನು ಕೋಚ್ ಆದೆ, ನಾಲ್ಕು ಊರಿಗೆ ಹೆಸರಾದೆ, ನಾನು ನಿನ್ನ ಶಿಷ್ಯೆಯಾದೆ. ಈಜು, ಸೈಕಲ್ಲು, ಓಟ ಅಂತ ಬೆಳಗಿಂದ ಕತ್ತಲಾಗೋವರೆಗೆ ಜೀವ ಹಿಂಡೋ ಆ ಸ್ಪರ್ಧೆಗೆ ಎರಡು ಸಲ ಇಳಿದೆ, ಎರಡು ಸಲವೂ ಓಟದ ಅರ್ಧದಲ್ಲಿ ಹೊಟ್ಟೆ ಹಿಡ್ಕೊಂಡು ಕೂತೆ. ಎರಡು ಸಲವೂ ನೀನು ನನ್ನ ಮುಖ ನೋಡದೆ ಸ್ಟಾಪ್‌ವಾಚ್ ನೋಡ್ಕೊಂಡು ‘ಹೊಟ್ಟೆಯಲ್ಲಿ ಏನೂ ಇಲ್ಲ, ಎಲ್ಲಾ ತಲೆಯಲ್ಲಿ’ ಅಂದೆ. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಗಂಟಲಲ್ಲಿ ಕೊಳವೆ ಇಳಿಸಿ ನೋಡಿ, ಇದು ಸೀಲಿಯಾಕ್, ಗೋಧಿ ಬಾರ್ಲಿ ತಿಂದ್ರೆ ನಿನ್ನ ಕರುಳು ತನ್ನನ್ನೇ ಸುಟ್ಕೊಳ್ಳುತ್ತೆ, ಜನ್ಮದಲ್ಲಿ ಮುಟ್ಟಬೇಡ ಅಂದ್ರು. ರೋಗ ಇದೆ ಅಂತ ಗೊತ್ತಾಗಿ ಖುಷಿಗೆ ಅತ್ತೋಳು ಆ ಆಸ್ಪತ್ರೆಯಲ್ಲಿ ನಾನೊಬ್ಬಳೇ ಇರಬೇಕು. ಮನೆಗೆ ಓಡಿಬಂದು ಫೋನಲ್ಲಿ ನಿನಗೇ ಮೊದಲು ಹೇಳಿದೆ. ನೀನೇನಂದೆ? ‘ಓಹೋ, ನೆಪಕ್ಕೂ ಇಂಗ್ಲಿಷ್ ಹೆಸರು ಬಂತಾ.’

ನಿನಗೆ ಉರಿದದ್ದು ಯಾಕೆ ಅಂತ ನನಗೆ ಆವತ್ತೇ ಗೊತ್ತಾಯ್ತು. ನಿನ್ನ ಪುಡಿ! ಗೋಧಿ, ಬಾರ್ಲಿ ಮೊಳಕೆ ಕಟ್ಟಿ, ನೀನೇ ಕೈಯಾರೆ ಹುರಿದು ಬೀಸೋ ಆ ಪುಡಿ. ‘ನನ್ನ ಪುಡಿ ಕುಡಿದೋನು ಕೆರೇನೇ ಹಾರಿ ದಾಟ್ತಾನೆ’ ಅಂತ ಎಲ್ಲಾ ಶಿಷ್ಯರ ಬಾಟಲಿಗೂ ಸುರೀತಿದ್ದೆಯಲ್ಲ, ಅದನ್ನ ನಾನು ನಿಲ್ಲಿಸಿಬಿಟ್ಟೆ. ನಿಲ್ಲಿಸಿ ಎರಡೇ ತಿಂಗಳಿಗೆ ಹೊಟ್ಟೆ ಸುಮ್ಮನಾಯ್ತು, ಮೈಗೆ ಬಲ ಬಂತು. ಡಿಪೋದ ಹುಡುಗಿಯರು ‘ಅಕ್ಕಾ, ಈ ಸಲ ಮುಗಿಸ್ತೀರ’ ಅಂತ ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದ್ರು. ಕೋಚ್‌ನ ಸ್ವಂತ ತಂಗಿ, ಕೋಚ್‌ನ ಪುಡಿ ಬೇಡ ಅಂತಾಳೆ, ಅದೂ ಚೆನ್ನಾಗಿ ಓಡ್ತಾಳೆ. ನಿನಗೆ ಅದು ನುಂಗಲಾರದ ತುತ್ತಾಯ್ತು.

ಸ್ಪರ್ಧೆಯ ಹಿಂದಿನ ಸಂಜೆ ನೀನು ಇದೇ ಅಡುಗೆಮನೆಯಲ್ಲಿ ನನ್ನ ಕೈಯಿಂದ ಬಾಟಲಿಗಳನ್ನ ಕಿತ್ಕೊಂಡೆ. ‘ನೀನು ಕಾಲು ಚಾಚಿ ಮಲ್ಕೋ ಹೋಗು, ಉಪ್ಪು ಸಕ್ಕರೆ ನೀರು ತಾನೇ, ನಾನು ತುಂಬಿಸ್ತೀನಿ.’ ಸಿಂಕಿನ ಮುಂದೆ ಅಂಗಿ ತೋಳು ಮಡಚಿಕೊಂಡು ಆ ಕಪ್ಪು ಬಾಟಲಿಗಳನ್ನ ನೀನು ಬ್ರಷ್ ಹಾಕಿ ತೊಳೀತಿದ್ದದ್ದನ್ನ ಬಾಗಿಲಲ್ಲಿ ನಿಂತು ನೋಡಿದೆ. ಇಷ್ಟು ವರ್ಷಕ್ಕೆ ಅಣ್ಣನಿಗೆ ನಂಬಿಕೆ ಬಂತಲ್ಲ ಅಂತ ಕಣ್ಣು ತುಂಬಿ ಬಂತು ಕಣೋ. ಅಮ್ಮ ಪಕ್ಕದಲ್ಲೇ ನಿಂಬೆಹಣ್ಣು ಹಿಂಡ್ತಿದ್ದಳು, ನನ್ನ ಕಡೆ ತಿರುಗಲೇ ಇಲ್ಲ. ನಾನು ಹೋಗಿ ನೆಮ್ಮದಿಯಾಗಿ ಮಲಗಿದೆ.

ಕೆರೆಯಲ್ಲಿ ಈಜು ಸಲೀಸಾಗಿ ಮುಗೀತು. ಸೈಕಲ್ ಹತ್ತಿ ಮೊದಲ ಗುಟುಕು ಕುಡಿದಾಗ ಹುಳಿ ಜಾಸ್ತಿ ಅನ್ನಿಸ್ತು, ಅಮ್ಮ ಪ್ರೀತಿಯಿಂದ ಎರಡು ಹಣ್ಣು ಜಾಸ್ತಿ ಹಿಂಡಿದ್ದಾಳೆ ಅಂದುಕೊಂಡೆ. ಬಿಸಿಲು ಏರ್ತಿತ್ತು, ಎಲ್ಲಾ ಬಾಟಲಿ ಖಾಲಿ ಮಾಡಿದೆ. ಸೈಕಲ್ ಇಳಿಯೋ ಹೊತ್ತಿಗೆ ಹೊಕ್ಕುಳ ಹತ್ತಿರ ಆ ಹಳೇ ತಿರುಚಾಟ ಶುರುವಾಯ್ತು. ಇಲ್ಲ, ಇದು ಅದಲ್ಲ, ನಾನು ಏನೂ ತಿಂದಿಲ್ಲ ಅಂತ ನನಗೆ ನಾನೇ ಹೇಳ್ಕೊಂಡು ಓಡಿದೆ. ದಾರಿಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಪಾಯಿಖಾನೆ ಒಂದನ್ನೂ ಬಿಡಲಿಲ್ಲ. ಒಂದರ ಒಳಗೆ ಕೂತು, ಅಣ್ಣ ಹೇಳೋದೇ ನಿಜ ಇರಬೇಕು, ನನಗೆ ತಲೆಯೇ ಕೆಟ್ಟಿದೆ ಅಂತ ಅತ್ತೆ. ಡಾಕ್ಟರಮ್ಮನನ್ನೂ ನಂಬದ ಹಾಗಾಯ್ತು ನನಗೆ. ತಿರುವಿನಲ್ಲಿ ನೀನು ನಿಂತಿದ್ದೆ. ನಿನ್ನ ಬೂಟಿನ ಪಕ್ಕದಲ್ಲೇ ವಾಂತಿ ಮಾಡ್ಕೊಂಡೆ. ನೀನು ಬೂಟು ಹಿಂದಕ್ಕೆ ಎಳ್ಕೊಂಡು, ‘ಎಲ್ಲಾ ತಲೆಯಲ್ಲಿ, ಓಡು, ನೆಪ ಬೇಡ’ ಅಂದೆ. ನಿನ್ನ ಮುಖ ಮಾತ್ರ ಬಿಳಿಚಿಕೊಂಡಿತ್ತು, ಅದು ಯಾಕೆ ಅಂತ ಆಗ ತಿಳೀಲಿಲ್ಲ.

ಓಡಿದೆ, ನಡೆದೆ, ಕೊನೆಗೆ ಫುಟ್‌ಪಾತಿನ ಅಂಚಲ್ಲಿ ಕೂತುಬಿಟ್ಟೆ. ಮುಗಿಸಿದೋರ ಹೆಸರು ಕೂಗೋ ಮೈಕು ಅಲ್ಲಿಗೇ ಕೇಳಿಸ್ತಿತ್ತು. ಹೊತ್ತು ಮೀರಿದೋರನ್ನ ಎತ್ತಿಕೊಂಡು ಹೋಗೋ ವ್ಯಾನ್ ಬಂತು. ದಿನಾ ಊರನ್ನೇ ಹೊತ್ತು ತಿರುಗೋಳು ನಾನು, ಹಿಂದಿನ ಸೀಟಲ್ಲಿ ಬಕೆಟ್ ತಬ್ಬಿಕೊಂಡು ಕೂತೆ. ಡೇರೆಯಲ್ಲಿ ಕೈಗೆ ಡ್ರಿಪ್ ಹಾಕಿ ಮಲಗಿಸಿದ್ರು. ಅಮ್ಮ ಬಂದು ನನ್ನ ಪಾದ ಹಿಡ್ಕೊಂಡು, ‘ಪುಟ್ಟೀ, ಅಣ್ಣನ ತಪ್ಪನ್ನ ಹೊಟ್ಟೆಗೆ ಹಾಕ್ಕೋ’ ಅಂದಳು. ಯಾವ ತಪ್ಪು ಅಂತ ಕೇಳಿದೆ. ನನಗೆ ಗೊತ್ತಿಲ್ಲ ಅಂತ ಅವಳಿಗೆ ಆಗಲೇ ಗೊತ್ತಾದದ್ದು, ಬಾಯಿ ಮೇಲೆ ಕೈ ಇಟ್ಕೊಂಡಳು. ಆಮೇಲೆ ಎಲ್ಲಾ ಹೊರಗೆ ಬಂತು. ಪುಡಿಯನ್ನ ಬಟ್ಟೆಯಲ್ಲಿ ಎರಡು ಸಲ ಸೋಸಿ ಬೆರೆಸಿದ್ದು, ವಾಸನೆ ಮುಚ್ಚೋಕೆ ನಿಂಬೆ ಹಿಂಡಿಸಿದ್ದು. ‘ಅವಳು ಮುಗಿಸಲಿ, ನನ್ನ ಪುಡಿ ಕುಡಿದೇ ಮುಗಿಸಿದ್ದು ಅಂತ ಎಲ್ಲರ ಮುಂದೆ ಹೇಳ್ತೀನಿ, ಆ ರೋಗದ ಭೂತ ಬಿಡಿಸ್ತೀನಿ’ ಅಂತ ನೀನು ಅಂದದ್ದು. ‘ಒಳ್ಳೇದಕ್ಕೇ ಮಾಡಿದ್ದು ಕಣೇ’ ಅಂತ ಅಮ್ಮ ಈಗಲೂ ಅಂತಾಳೆ, ಬಟಾಣಿ ಬಿಡಿಸ್ತಾ.

ನೀನು ನನ್ನ ನಂಬಲಿಲ್ಲ, ಅದು ಹಳೇ ಕಥೆ, ಅಭ್ಯಾಸವಾಗಿದೆ. ಆದ್ರೆ ನಾನು ನಿನ್ನ ನಂಬಿ ಕುಡಿದೆನಲ್ಲೋ! ಈಗ ದೊಡ್ಡಮ್ಮ ಫೋನ್ ಮಾಡ್ತಾರೆ, ಹೊಟ್ಟೆಗೆ ಹಾಕ್ಕೋ. ಚಿಕ್ಕಪ್ಪ ಬರ್ತಾರೆ, ಅವನು ದೊಡ್ಡೋನು, ಹೊಟ್ಟೆಗೆ ಹಾಕ್ಕೋ. ಈ ಮನೆಯಲ್ಲಿ ಎಲ್ಲಾರ ತಪ್ಪೂ ನನ್ನ ಹೊಟ್ಟೆಗೇ ಬೀಳಬೇಕು, ನನ್ನ ಹೊಟ್ಟೆ ಏನು ಗೋಡೌನಾ? ನೀನು ಕೇಳದೇ ಹಾಕಿದ್ದೇ ಇನ್ನೂ ಒಳಗೆ ಉರೀತಿದೆ. ಇದನ್ನ ನಾನು ಹಾಕ್ಕೊಳ್ಳಲ್ಲ ಅಣ್ಣಾ. ಮುಂದಿನ ವರ್ಷ ಬೇರೆ ಕೋಚನ್ನ ನೋಡ್ಕೊಳ್ತೀನಿ, ಬಾಟಲಿ ನಾನೇ ತುಂಬಿಸ್ಕೊಳ್ತೀನಿ.

ಅತ್ತಿಗೆಗೆ ನನ್ನ ನಮಸ್ಕಾರ ಹೇಳು, ಮಗುವಿಗೆ ಎರಡು ಕೆನ್ನೆಗೂ ಮುತ್ತು. ನಿನಗೆ ಕೆಟ್ಟದಾಗಲಿ ಅಂತ ಬರೆಯೋಕೆ ಕೂತೆ, ಅದಕ್ಕೂ ಕೈ ಏಳಲಿಲ್ಲ. ಮಂಡಿ ಜೋಪಾನ.

ನಿನ್ನ
ನೆಪರಾಣಿ

ಮತ್ತೆ: ಲಕೋಟೆ ಅಂಟಿಸಿದ್ದೆ, ಹರಿದು ಬರೀತಿದ್ದೀನಿ. ಅತ್ತಿಗೆ ಈಗ ತಾನೇ ಅಮ್ಮನಿಗೆ ಫೋನ್ ಮಾಡಿದ್ರು. ಮಗು ಇವತ್ತೂ ಸ್ಕೂಲಿಗೆ ಹೋಗಿಲ್ಲವಂತೆ, ನೀನು ಬೈದೆಯಂತೆ, ಅವಳನ್ನ ‘ಚಿಕ್ಕ ನೆಪರಾಣಿ’ ಅಂತೀಯಂತೆ. ಹೋದ ವರ್ಷದ ಯೂನಿಫಾರ್ಮೇ ಇನ್ನೂ ದೊಗಳೆಯಂತೆ. ದಿನಾ ಎದ್ದ ತಕ್ಷಣ ಒಂದು ಲೋಟ ನಿನ್ನ ಪುಡಿ ಕುಡಿಸ್ತೀಯಂತೆ. ಅಣ್ಣಾ, ಬಸ್ಸು ಬರೋ ಹೊತ್ತಿಗೆ ನೋವು ಬರೋದು ಬಸ್ಸಿಂದಲ್ಲ, ಆ ಲೋಟದಿಂದ ಇರಬಹುದು. ಇದು ಮನೆತನದಲ್ಲಿ ಹರಿದು ಬರೋ ರೋಗ ಅಂತ ಡಾಕ್ಟರಮ್ಮ ಹೇಳಿದ್ದಾರೆ. ನಾಳೆನೇ ರಕ್ತಪರೀಕ್ಷೆಗೆ ಕರ್ಕೊಂಡು ಹೋಗು, ಗೋಧಿ ನಿಲ್ಲಿಸಿ ಆಮೇಲೆ ಹೋದ್ರೆ ಪರೀಕ್ಷೆಯಲ್ಲಿ ಕಾಣಲ್ವಂತೆ, ಅದಕ್ಕೇ ತಡ ಮಾಡಬೇಡ. ನನ್ನ ಮಾತು ನಂಬಬೇಡ, ಬೇಕಾದ್ರೆ ನಾನು ಸುಳ್ಳಿ ಅಂತಲೇ ಇಟ್ಕೋ. ಅವಳು ಹೊಟ್ಟೆನೋವು ಅಂದ್ರೆ ನಂಬು.