ತೆರೆಯುವ ತೆರೆ

ತುಡಿಯಲೂರು,
ಮಂಗಳವಾರ, 21-7-1936

ಪಲ್ಲಡದ ಮನೆಯ ಜಗಲಿಯ ಮೇಲೆ ಎಲೆಯಡಿಕೆ ತಟ್ಟೆಯ ಸುತ್ತ ಆಸೀನರಾಗಿರುವ ಘನ ಸಭಾಸದರೇ! ಕಂಬಕ್ಕೆ ಒರಗಿ ಕುಳಿತ ಅಧ್ಯಕ್ಷರೇ! ಬಾಗಿಲ ಮರೆಯಲ್ಲಿ ನಿಂತೇ ಅಧ್ಯಕ್ಷರನ್ನು ಆಳುತ್ತಿರುವ ಮಹಾಮಾತೆಯವರೇ! ಕಿಟಕಿಗೆ ಕಟ್ಟುವ ಪಟ್ಟಿಪರದೆಯ ಸುಧಾರಣೆ ಎಂಬ ಗಹನವಾದ ವಿಷಯದ ಮೇಲೆ ಈ ಅಲ್ಪನು ಮಂಡಿಸಲಿರುವ ನಾಲ್ಕು ಮಾತುಗಳನ್ನು, ಬಾಯಲ್ಲಿರುವ ಎಲೆ ಮುಗಿಯುವವರೆಗಾದರೂ ತಾವು ತಾಳ್ಮೆಯಿಂದ ಆಲಿಸಬೇಕೆಂದು ಪ್ರಾರ್ಥನೆ. ನಿದ್ದೆ ಬಂದವರು ಕಂಬ ಬದಲಿಸಿಕೊಳ್ಳಬಹುದು.

ಪ್ರೀತಿಯ ಬೆಳ್ಳಿ,

ಓದುವಾಗ ನಗಬೇಡಮ್ಮ, ಸಭೆ ಕೆಡುತ್ತದೆ. ನಿನ್ನ ಅತ್ತೆಮನೆಯಲ್ಲಿ ಎಲ್ಲರಿಗೂ ಕನ್ನಡದ ಮಾತು ಬರುತ್ತದೆ, ಕನ್ನಡದ ಅಕ್ಷರ ಬರುವುದು ನಿನಗೊಬ್ಬಳಿಗೇ. ನನ್ನ ಪತ್ರ ಬಂದ ದಿನ ನಿನ್ನನ್ನು ನಡುವೆ ಕೂರಿಸಿ ಗಟ್ಟಿಯಾಗಿ ಓದಿಸುತ್ತಾರೆಂದು ನೀನೇ ಬರೆದಿದ್ದೆ. ಮಗಳಿಗೆ ಬರೆದದ್ದು ಹೇಗೂ ಭಾಷಣವಾಗುವುದಾದರೆ ಅದಕ್ಕೆ ತಕ್ಕ ಪೀಠಿಕೆಯೂ ಇರಲಿ ಎಂದುಕೊಂಡೆ. ಮೈಸೂರಿನಲ್ಲಿ ಕನ್ನಡ ಓದಿ ಬಿ.ಎ. ಮಾಡಿ ಬಂದವನಿಗೆ ಈ ತಮಿಳು ಸೀಮೆಯ ಮಿಲ್ಲಿನ ಆಫೀಸಿನಲ್ಲಿ ನೂಲಿನ ಬೇಲುಗಳ ಮುಂದೆ ಭಾಷಣ ಮಾಡುವ ಅವಕಾಶ ಇಲ್ಲವಲ್ಲ.

ನೀನು ಹೇಗಿದ್ದೀಯೆ? ಕಾಲಿನ ಬಾವು ಇಳಿಯಿತೇ? ಏಳನೆಯ ತಿಂಗಳಲ್ಲಿ ಮಧ್ಯಾಹ್ನ ಸ್ವಲ್ಪ ಹೊತ್ತು ಕಾಲು ಚಾಚಿ ಮಲಗಬೇಕು. ಮಲಗಲು ಬಿಡುತ್ತಾರೆ, ನೀನೇ ಮಲಗುವುದಿಲ್ಲ ಎಂದು ನನಗೆ ಗೊತ್ತು. ನಿನ್ನ ಅತ್ತೆ ಕಾಮಾಕ್ಷಿಯಮ್ಮನವರ ಮಂಡಿನೋವು, ನಿನ್ನ ಮಾವನವರ ಕೆಮ್ಮು, ನಮ್ಮ ಅಳಿಯ ಮಾಪಿಳ್ಳೆ ಗುರುಸಾಮಿಯ ಹೊಸ ಮೀಸೆ, ಮೂರೂ ಹೇಗಿವೆ ಎಂದು ಬರೆ. ಮೊದಲ ಎರಡು ಇಳಿಯಲಿ, ಮೂರನೆಯದು ಬೆಳೆಯಲಿ. ಇಲ್ಲಿ ನಿನ್ನ ಅಜ್ಜಿ ಗಟ್ಟಿಯಾಗಿದ್ದಾಳೆ. ಎಷ್ಟು ಗಟ್ಟಿ ಎನ್ನುವುದು ಮುಂದೆ ತಿಳಿಯುತ್ತದೆ. ನನಗೆ ಸೊಂಟ ಉಳುಕಿದೆ. ಅದಕ್ಕೂ ಈ ವಿಷಯಕ್ಕೂ ನಿಕಟ ಸಂಬಂಧವಿದೆ.

ಹೋದ ತಿಂಗಳು ನಿನ್ನ ಮಾವ ಚಿನ್ನಸಾಮಿಯವರು ಬಂದಿದ್ದರು. ತಮಿಳಿನಲ್ಲಿ ಅವರು ಚಿಕ್ಕ ಸಾಮಿ, ಕನ್ನಡದಲ್ಲಿ ಅಪ್ಪಟ ಚಿನ್ನ. ಬೆಳ್ಳಿಯನ್ನು ಚಿನ್ನದ ಮನೆಗೆ ಕೊಟ್ಟೆ ಎಂದು ನಿನ್ನ ಮದುವೆಯಲ್ಲಿ ನಾನು ಮಾಡಿದ ತಮಾಷೆಗೆ ಅವರು ಇವತ್ತಿಗೂ ನಗುತ್ತಾರೆ. ಬೀಗರಾದ ಮೇಲೆ ಬೇರೆ ದಾರಿ ಇಲ್ಲ. ಈ ಸಲ ನಗಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದರು: “ಸಂಬಂದಿ, ತಪ್ಪಾ ನೆನೀಬ್ಯಾಡಿ. ಮೊದಲ ಹೆರಿಗೆ ತಾಯಿ ಮನೇಲಿ ಆಗ್ಬೇಕು, ಸರಿ. ತಾಯಿ ಇದ್ರಲ್ಲವಾ ತಾಯಿ ಮನೆ? ನಿಮ್ಮವ್ವಾರಿಗೆ ವಯಸ್ಸಾಯ್ತು, ನೀವು ಮಿಲ್ಲಿಗೆ ಓಗೋರು. ಬೆಳ್ಳಿ ನಮ್ಮಲ್ಲೇ ಇರ್ಲಿ ಅಂತ ನಮ್ಮ ಮನೇವಳು ಏಳ್ತಾಳೆ. ಆಡಿ ಕಳೀಲಿ, ಒಂದು ಮುಡಿವು ಮಾಡಾಣ.” ತಾಯಿಯಿಲ್ಲದ ಮನೆ ಎಂಬ ಮಾತು ಅವರ ಬಾಯಿಂದ ನೋಯಿಸುವುದಕ್ಕಾಗಿ ಬರಲಿಲ್ಲ, ಅದು ನಿಜವಾದ್ದರಿಂದ ಬಂತು. ನಿನ್ನ ಅಮ್ಮ ಹೋಗಿ ಎಂಟು ವರ್ಷವಾಯಿತು. ಆದ್ದರಿಂದ ಸಭೆಯ ಮುಂದೆ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಶುಭಕಾರ್ಯಕ್ಕಾಗದ ಈ ಆಡಿ ತಿಂಗಳು ಮುಗಿದ ಮೇಲೆ ಹಿರಿಯರು ಏನು ತೀರ್ಮಾನಿಸಿದರೂ ನನಗೆ ಯಾವ ಅಭ್ಯಂತರವೂ ಇಲ್ಲ. ಪಲ್ಲಡದಲ್ಲಿ ಹುಟ್ಟಿದ ಕೂಸೂ ತುಡಿಯಲೂರಿನಲ್ಲಿ ಹುಟ್ಟಿದ ಕೂಸೂ ಅಳುವುದು ಒಂದೇ ರಾಗದಲ್ಲಿ. ಈ ಪತ್ರ ಅದರ ಬಗ್ಗೆ ಅಲ್ಲವೇ ಅಲ್ಲ. ಇದು ಕಿಟಕಿಯ ಬಗ್ಗೆ.

ಬೀಗರು ಹೋದ ಮರುದಿನ ದಾದಿ ತಂಗಮ್ಮ ಬಂದಳು. ರೂಮು ನೋಡಿಕೊಂಡು ಹೋಗೆಂದು ಮೊದಲೇ ಹೇಳಿಟ್ಟಿದ್ದೆ. ಬೇಡವೆಂದು ಹೇಳಿ ಕಳಿಸುವುದು ಮರೆತುಹೋಗಿತ್ತು. ಮರೆವು ನಮ್ಮ ವಂಶದ ಕಾಯಿಲೆ. ನಿನ್ನ ಪಡುವಣ ರೂಮು ನಿನಗೆ ಗೊತ್ತಲ್ಲ, ಪಾಲ್ಘಾಟಿನ ಕಡೆಯಿಂದ ಹೊರಟ ಗಾಳಿ ನೇರವಾಗಿ ನಮ್ಮ ಮನೆಯ ವಿಳಾಸ ಕೇಳಿಕೊಂಡು ಬಂದು ಅದೇ ಕಿಟಕಿಗೆ ನುಗ್ಗುತ್ತದೆ. ತಂಗಮ್ಮ ಹೋದವಳೇ ಕಿಟಕಿ ತೆಗೆದಳು. ಅಜ್ಜಿ ಹಿಂದೆಯೇ ಹೋಗಿ ಮುಚ್ಚಿದಳು. “ಬಾಣಂತಿ ರೂಮಿಗೆ ಗಾಳಿ ಬಿಡ್ತೀಯಾ? ನಾನು ಐದು ಎತ್ತೆ ಕಣೇ, ಒಂದಕ್ಕೂ ಸೂರ್ಯನ್ನ ಕೂಗ್ಲಿಲ್ಲ!” ತಂಗಮ್ಮ ಮತ್ತೆ ತೆಗೆದು, “ಪಾಟೀ, ಕತ್ತಲಲ್ಲಿ ನಾನು ಕೂಸು ಇಡೀಲಾ, ದಿಂಬು ಇಡೀಲಾ? ಗಾಳಿ ಭಯ ಇದ್ರೆ ಕಿವಿಗೆ ಹತ್ತಿ ಇಡಿ, ಜನ್ನಲಿಗೆ ಇಡ್ಬೇಡಿ” ಎಂದಳು. ಅಜ್ಜಿ ಮುಚ್ಚಿ, “ಜನ್ನಲ್ ತೆಗೆದ್ರೆ ಬೀದೀಲಿ ಓಗೋ ಕಣ್ಣೆಲ್ಲಾ ಒಳಗೇ ಬರ್ತದೆ” ಎಂದಳು. ತೆಗೆದಳು, ಮುಚ್ಚಿದಳು, ಮುಚ್ಚಿದಳು, ತೆಗೆದಳು. ತಪ್ಪು ಇಬ್ಬರದೂ ಅಲ್ಲ. ಕಿಟಕಿಯ ಬಾಗಿಲಿಗೆ ಹೌದು, ಇಲ್ಲ ಎಂಬ ಎರಡೇ ಮಾತು ಬರುತ್ತದೆ. ‘ಸ್ವಲ್ಪ’ ಎಂಬ ಮಾತನ್ನು ಅದಕ್ಕೆ ಯಾರೂ ಕಲಿಸಿಲ್ಲ.

ಆ ಮಾತು ಬಲ್ಲ ಕಿಟಕಿಯೊಂದನ್ನು ನಾನು ಒಮ್ಮೆ ನೋಡಿದ್ದೆ. ಮಿಲ್ಲಿನ ಎಂಜಿನಿಯರ್ ದೊರೆಯ ಬಂಗಲೆಗೆ ಕಾಗದ ಕೊಡಲು ಹೋದಾಗ, ಅಲ್ಲಿ ತೆಳು ಮರದ ಪಟ್ಟಿಗಳನ್ನು ಏಣಿಯ ಮೆಟ್ಟಿಲಿನಂತೆ ಒಂದರ ಕೆಳಗೊಂದು ನವಾರಿಗೆ ಕೂರಿಸಿ ಇಳಿಬಿಟ್ಟಿದ್ದರು. ಹಗ್ಗ ಎಳೆದರೆ ಪಟ್ಟಿಗಳೆಲ್ಲ ಓರೆಯಾಗಿ ಬೆಳಕು ಬರುತ್ತದೆ, ಇನ್ನೊಂದು ಹಗ್ಗ ಎಳೆದರೆ ಮುಚ್ಚಿಕೊಳ್ಳುತ್ತದೆ. ಅದನ್ನೇ ಮರಗೆಲಸದ ಆಸಾರಿ ಅಯ್ಯಾಸಾಮಿಯ ಕೈಯಲ್ಲಿ ಮಾಡಿಸಿ ತಂದು ಕಟ್ಟಿದೆ. ಕಟ್ಟಿದ ಮೇಲೆ ದೊರೆಗಳ ಬುದ್ಧಿಯ ಮೇಲಿದ್ದ ಗೌರವ ಸ್ವಲ್ಪ ಇಳಿಯಿತು. ಪಟ್ಟಿಗಳೆಲ್ಲ ಒಟ್ಟಿಗೇ ತೆರೆಯುತ್ತವೆ, ಒಟ್ಟಿಗೇ ಮುಚ್ಚುತ್ತವೆ. ಹಾಗಾಗಿ ಜಗಳ ಕಿಟಕಿಯ ಬಾಗಿಲಿನಿಂದ ಹಗ್ಗಕ್ಕೆ ವರ್ಗವಾಯಿತು, ಅಷ್ಟೇ. ಮೇಲಾಗಿ ಬಂಗಲೆಯಲ್ಲಿ ಬೀಸುವುದು ಪಂಖದ ಗಾಳಿ, ನಮ್ಮಲ್ಲಿ ಬೀಸುವುದು ನಿಜವಾದ ಗಾಳಿ:

ಪಾಲ್ಘಾಟ್ ಗಾಳಿಗೆ ಪಟ್ಟಿಗಳೆಲ್ಲ
ಪಟಪಟ ಎನ್ನದ ಗಳಿಗೆಯೆ ಇಲ್ಲ.

ಅಯ್ಯಾಸಾಮಿ ಕಿವಿ ಮುಚ್ಚಿಕೊಂಡು, “ಸಾರ್, ಇದು ಜನ್ನಲಾ, ಇಲ್ಲಾ ಮದುವೆ ಮೇಳವಾ?” ಎಂದ. ಈ ಮೇಳಕ್ಕೆ ಮಲಗಿದ ಕೂಸಲ್ಲ, ಮಲಗಿದ ಊರೇ ಏಳುತ್ತದೆ.

ಸುಧಾರಣೆ ಶುರುವಾದದ್ದು ಇಲ್ಲಿಂದ. ಮೊದಲು ಪರದೆಯನ್ನು ನಡುವಿಗೆ ಕತ್ತರಿಸಿದೆ. ನಡುವೆ ಒಂದು ದಪ್ಪ ಪಟ್ಟಿ ಅಡ್ಡ ಕೂರಿಸಿ, ಮೇಲಿನ ಅರ್ಧಕ್ಕೆ ಒಂದು ಹಗ್ಗ, ಕೆಳಗಿನ ಅರ್ಧಕ್ಕೆ ಬೇರೆ ಹಗ್ಗ ಕೊಟ್ಟೆ. ಮೇಲಿನ ಪಟ್ಟಿಗಳು ತೆರೆದರೆ ಬೆಳಕು ಸೂರಿಗೆ ಬಡಿದು ರೂಮೆಲ್ಲ ಹರಡುತ್ತದೆ, ತಂಗಮ್ಮನಿಗೆ ಸೂಜಿಯ ಕಣ್ಣೂ ಕಾಣುತ್ತದೆ. ಕೆಳಗಿನವು ಮುಚ್ಚಿದ್ದರೆ ಮಂಚಕ್ಕೆ ಗಾಳಿಯೂ ಇಲ್ಲ, ಬೀದಿಯ ಕಣ್ಣೂ ಇಲ್ಲ. ಮೊದಲ ಪರೀಕ್ಷೆಗೆ ಇಬ್ಬರನ್ನೂ ಕರೆದು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ಮೇಲಿನ ಹಗ್ಗ ಎಳೆದೆ. ಹಗ್ಗಗಳು ಒಳಗೆ ಅದಲುಬದಲಾಗಿದ್ದವು. ಕೆಳಗಿನ ಪಟ್ಟಿಗಳು ಠಣ್ಣನೆ ತೆರೆದುಕೊಂಡವು, ಎದುರುಮನೆಯ ಎಮ್ಮೆ ನಮ್ಮನ್ನು ನೋಡಿತು. ಇಬ್ಬರಲ್ಲೂ ಆ ದಿನ ಪೂರ್ಣ ಒಮ್ಮತವಿತ್ತು, ನನ್ನ ಬಗ್ಗೆ. ಹಗ್ಗ ಬದಲಿಸಲು ಮೇಜಿನ ಮೇಲೆ ಸ್ಟೂಲು ಇಟ್ಟು ಹತ್ತಿದೆ. ಇಳಿದದ್ದು ಹೇಗೆಂದು ಕೇಳಬೇಡ. ಪ್ರಾಸವಾದರೂ ಸಿಕ್ಕಿತು:

ಅಜ್ಜಿಗೆ ಕತ್ತಲು, ದಾದಿಗೆ ಬೆಳಕು,
ಕಟ್ಟಿದ ಅಪ್ಪನ ಸೊಂಟಕ್ಕೆ ಉಳುಕು.

ಆಮೇಲೆ ಸದ್ದು. ಪಟ್ಟಿಗಳ ಅಂಚಿಗೆ ಹಳೆಯ ಸೀರೆಯೊಂದರ ಅಂಚನ್ನು ಕತ್ತರಿಸಿ ಅಂಟಿಸಿದರೆ ಮರಕ್ಕೆ ಮರ ತಾಗುವುದಿಲ್ಲ ಎಂದು ಹೊಳೆಯಿತು. ಅಂಟಿಗೆ, ನೇಯುವವರ ಮನೆಯಲ್ಲಿ ಬೇರೆ ಏನು ಸಿಗುತ್ತದೆ, ಮಗ್ಗದ ಹಾಸುನೂಲಿಗೆ ಬಳಿಯುವ ಗಂಜಿ. ಪರದೆ ಮೂಕವಾಯಿತು. ಬೆಳಗಾಗುವಷ್ಟರಲ್ಲಿ ಇಲಿಯೊಂದು ಬಂದು ಗಂಜಿ ಹದವಾಗಿದೆಯೇ ಎಂದು ರುಚಿ ನೋಡಿ ಹೋಗಿತ್ತು. ಈಗ ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಗಂಜಿ ಕಾಯಿಸಿ ಬಳಿದಿದ್ದೇನೆ. ಇಲಿ ಮತ್ತೆ ಬರಲಿಲ್ಲ. ಕೆಂಪು ಅಂಚು ಮಾತ್ರ ಸಂಜೆಯ ಬಿಸಿಲಿಗೆ ತುಂಬ ಚೆನ್ನಾಗಿ ಕಾಣುತ್ತದೆ.

ಕೊನೆಯ ಸುಧಾರಣೆ ದೊರೆಗಳಿಗೂ ಹೊಳೆಯದ್ದು, ಯಾಕೆಂದರೆ ಅವರ ಮನೆಯಲ್ಲಿ ಮಗ್ಗವಿಲ್ಲ. ತೊಡೆಯ ಮೇಲೆ ಕೂಸು ಮಲಗಿದ್ದಾಗ ತಾಯಿಗೆ ಎರಡು ಕೈಯೂ ಇರುವುದಿಲ್ಲ. ಮುಖಕ್ಕೆ ಬಿಸಿಲು ಬಂದರೆ ಹಗ್ಗ ಎಳೆಯುವವರು ಯಾರು? ನನ್ನ ಅಪ್ಪ ದಿನವೆಲ್ಲ ಕೈಯಲ್ಲಿ ಲಾಳಿ ಎಸೆಯುತ್ತ, ಕಾಲಿನಲ್ಲಿ ಮಗ್ಗದ ಕಾಲುಮಣೆ ತುಳಿಯುತ್ತ ಇದ್ದದ್ದು ನೆನಪಾಯಿತು. ಅಟ್ಟದಿಂದ ಅದೇ ಕಾಲುಮಣೆಗಳನ್ನು ಇಳಿಸಿ, ಮಂಚದ ಪಕ್ಕದಲ್ಲಿ ಜೋಡಿಸಿ, ಮಗ್ಗದ ರಾಟೆಯ ಮೇಲೆ ಹಗ್ಗ ಹಾಯಿಸಿದೆ. ಎಡಗಾಲು ತುಳಿದರೆ ಬೆಳಕು, ಬಲಗಾಲು ತುಳಿದರೆ ನೆರಳು, ಎರಡೂ ಬಿಟ್ಟರೆ ಇದ್ದಲ್ಲೇ ನಿಲ್ಲುತ್ತದೆ. ಪರೀಕ್ಷೆಗೆ ಅಜ್ಜಿಯೇ ಮಂಚದಲ್ಲಿ ಕುಳಿತಳು, ತೊಡೆಯ ಮೇಲೆ ಕೂಸಿನ ಬದಲು ಒಂದು ಬೂದುಗುಂಬಳಕಾಯಿ. ತುಳಿದಳು, ಬೆಳಕು ಬಂತು. ತುಳಿದಳು, ಹೋಯಿತು. ಹೊತ್ತು ಮುಳುಗುವವರೆಗೂ ಎದ್ದೇಳಲಿಲ್ಲ. “ಅಡೇ ಶಿವಲಿಂಗಾ, ಈ ಮನೇಲಿ ನನ್ನ ಕಾಲಿಗೆ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರ್ಲಿಲ್ವೋ!” ಎಂದಳು. ತಂಗಮ್ಮ ಕುಂಬಳಕಾಯಿಯ ಕೆನ್ನೆ ತಟ್ಟಿ, “ಪಾಟೀ, ಮುಖ ಎಲ್ಲಾ ನಿಮ್ಮಂಗೇ” ಎಂದಳು. ಅಂದಿನಿಂದ ಇಬ್ಬರೂ ಒಂದೇ ಎಲೆಯಡಿಕೆ ಚೀಲದಲ್ಲಿ ಕೈ ಹಾಕುತ್ತಿದ್ದಾರೆ.

ಇದಕ್ಕೆ ಹೆಸರೇನಿಡಲಿ ಎಂದು ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು, ನಮ್ಮ ಭಾಷೆ ಮೊದಲೇ ಇಟ್ಟಿದೆ. ತಮಿಳಿನಲ್ಲಿ ತಿರೈ ಎಂದರೆ ಪರದೆ. ತೆಗೆಯುವುದಕ್ಕೆ ಬೇರೆ ಮಾತು. ಕನ್ನಡದಲ್ಲಿ ತೆರೆ ಎಂದರೆ ಪರದೆ, ತೆರೆ ಎಂದರೆ ತೆಗೆ. ಮುಚ್ಚುವ ವಸ್ತುವಿಗೂ ತೆರೆಯುವ ಕೆಲಸಕ್ಕೂ ಒಂದೇ ಮಾತು ಸಾಕೆಂದ ಹಿರಿಯರು, ಅಜ್ಜಿ ಮತ್ತು ತಂಗಮ್ಮನಂಥ ಇಬ್ಬರ ನಡುವೆ ಸಿಕ್ಕಿಕೊಂಡವರೇ ಇರಬೇಕು. ಬಿ.ಎ. ಮಾಡಿದ್ದು ಇಪ್ಪತ್ತು ವರ್ಷಗಳ ಮೇಲೆ ಉಪಯೋಗಕ್ಕೆ ಬಂತು.

ಸಭಾಸದರಲ್ಲಿ ಕೊನೆಯ ಅರಿಕೆ. ಬೆಳ್ಳಿ ಪಲ್ಲಡದಲ್ಲೇ ಇರುವುದಾದರೆ ಈ ತೆರೆಯನ್ನು ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಅಲ್ಲಿಗೇ ಕಳಿಸಿಕೊಡುತ್ತೇನೆ, ತಮ್ಮ ಕಿಟಕಿಗೇ ಕಟ್ಟಿಸಿಕೊಳ್ಳಬಹುದು. ಇಲ್ಲಿ ಬಂದು ಕೂಸಿಗೆ ಒಪ್ಪುತ್ತದೋ ಇಲ್ಲವೋ ನೋಡಿ ಹೇಳುವುದಾದರೆ, ನೋಡಿ ಹೇಳುವ ಯೋಗ್ಯತೆ ಆ ಸಭೆಯಲ್ಲಿ ಒಬ್ಬರಿಗೇ ಇದೆ. ಅವರು ಬಾಗಿಲ ಮರೆಯಲ್ಲಿ ನಿಂತಿದ್ದಾರೆ. ಕಾಮಾಕ್ಷಿಯಮ್ಮನವರು ಒಂದು ದಿನದ ಮಟ್ಟಿಗೆ ದಯಮಾಡಿಸಿ, ಮಂಚದಲ್ಲಿ ಕುಳಿತು, ತಮ್ಮ ಕಾಲಿನಿಂದಲೇ ತುಳಿದು ನೋಡಬೇಕು. ಮಂಡಿನೋವಿಗೂ ಒಳ್ಳೆಯದೆಂದು ಅಜ್ಜಿ ಹೇಳುತ್ತಾಳೆ. ಕುಂಬಳಕಾಯಿ ಇನ್ನೂ ಕೆಟ್ಟಿಲ್ಲ.

ಹಿರಿಯರಿಗೆ ನನ್ನ ನಮಸ್ಕಾರ, ಮಾಪಿಳ್ಳೆಗೆ ಆಶೀರ್ವಾದ, ಮೀಸೆಗೆ ಶುಭಾಶಯ. ನಿನಗೂ ನಿನ್ನೊಳಗೆ ಕುಳಿತು ಈ ಭಾಷಣ ಕೇಳುತ್ತಿರುವ ಅತಿ ಕಿರಿಯ ಸಭಾಸದರಿಗೂ ಎಲ್ಲ ಒಳ್ಳೆಯದಾಗಲಿ.

ಇತಿ ನಿನ್ನ ಅಪ್ಪ,
ಶಿವಲಿಂಗಂ

ಮರೆತ ಮಾತು: ಬೆಳ್ಳಿ, ಇಲ್ಲಿಂದ ಗಟ್ಟಿಯಾಗಿ ಓದಬೇಡ. ಮುಖ ಹಾಗೇ ಇರಲಿ. ಏನು ಬರೆದಿದ್ದಾರೆ ಎಂದು ಕೇಳಿದರೆ ನುಗ್ಗೆಸೊಪ್ಪಿನ ಗುಣಗಳನ್ನು ಬರೆದಿದ್ದಾರೆ ಅನ್ನು, ಯಾರೂ ಮುಂದೆ ಕೇಳುವುದಿಲ್ಲ. ತೆರೆ ನಿಮ್ಮ ಕಿಟಕಿಗೆ ಕೂರುವುದಿಲ್ಲ. ಹೋದ ತಿಂಗಳು ಮಾವಿನಹಣ್ಣು ತಂದಾಗ, ದೂಳು ಒರೆಸುವವನಂತೆ ನಿಮ್ಮ ಕಿಟಕಿಯನ್ನು ಅಂಗವಸ್ತ್ರದಲ್ಲಿ ಅಳೆದುಕೊಂಡಿದ್ದೆ. ಬೇಕೆಂದೇ ಅದಕ್ಕಿಂತ ಒಂದು ಗೇಣು ಅಗಲ ಮಾಡಿಸಿದ್ದೇನೆ. ಅಭ್ಯಂತರವಿಲ್ಲ ಎಂದದ್ದು ಸುಳ್ಳು. ಉಳುಕಿದ ಸೊಂಟದಿಂದ ನರೆತ ತಲೆಯವರೆಗೆ ನನಗೆ ಅಭ್ಯಂತರವೇ. ಹೇಗಾದರೂ ಮಾಡಿ ಅತ್ತೆಯನ್ನು ಹೊರಡಿಸು, ಒಂದು ಸಲ ತುಳಿದರೆ ಅವರು ಒಪ್ಪುತ್ತಾರೆ. ಕೆಂಪು ಅಂಚು ನಿನ್ನ ಅಮ್ಮನ ಸೀರೆಯದು. ತಾಯಿಯಿಲ್ಲದ ಮನೆ ಎಂದರಲ್ಲ, ಅದಕ್ಕೆ. ಹೆರಿಗೆಯ ವಿಷಯ ನನಗೆ ಏನೂ ಗೊತ್ತಿಲ್ಲ ಮಗಳೇ, ನೆನೆದರೆ ಭಯವಾಗುತ್ತದೆ, ಪ್ರಾಸ ಕೂಡ ಹೊಳೆಯುವುದಿಲ್ಲ. ಗೊತ್ತಿದ್ದದ್ದು ಒಂದು ಕಿಟಕಿ. ಅದನ್ನು ಮಾಡಿದೆ.