ತಾಟು ಹಿಡಿಯುವ ಮನೆಯಿಂದ, ಬಸಲಿಂಗವ್ವನವರಿಗೆ

ಗದಗ,
ಫೆಬ್ರವರಿ 30, 2231

ಅತ್ತೆಯವರಾದ ಬಸಲಿಂಗವ್ವನವರಿಗೆ ಓಜಸ್ವಿನಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ; ಪಾಪ, ಅದೊಂದಕ್ಕೇ ಬಹಳ ಕಾಲ ಅನ್ಯಾಯವಾಗಿತ್ತೆಂದು ಸರಿಮಾಡಿದರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ನಿಮ್ಮ ರಕ್ತದವಳಲ್ಲ. ನಿಮ್ಮ ಸೊಸೆ, ಆಕೆಯ ಸೊಸೆ, ಹೀಗೆ ಸೊಸೆಯರ ಸಾಲಿನಲ್ಲಿ ತೀರ ಕೊನೆಗೆ ನಿಂತವಳು. ಅದಕ್ಕೇ ಅಜ್ಜಿ ಎನ್ನದೆ ಅತ್ತೆ ಎನ್ನುತ್ತಿದ್ದೇನೆ.

ಈ ಪತ್ರ ತಲುಪುವ ಹೊತ್ತಿಗೆ ನೀವು ಮಂಡಿಯ ಆಪರೇಷನ್ ಮುಗಿದು, ಆಸ್ಪತ್ರೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತೀರಿ. ಮೈಯೆಲ್ಲ ನಡುಗುತ್ತಿದ್ದಾಗ ನಿಮ್ಮ ಸೊಸೆ ಸುಮಂಗಲಾಳ ಕೈ ಹಿಡಿದು, "ಮನಸ್ಸಿಗಿ ಒಂದ್ ಗುಳಿಗಿ ತಗೋತೀನವಾ, ಇಂಗಿನ ಡಬ್ಬ್ಯಾಗ ಮುಚ್ಚಿಟ್ಟೀನಿ" ಎಂದು ಹೇಳಿಬಿಟ್ಟಿರಿ. ಮಗನೂ ಬೀಗರೂ ಡಾಕ್ಟರೂ ಕೇಳಿಸಿಕೊಂಡರು. ಡಾಕ್ಟರು ಕೂಡಲೇ ನೋವಿನ ಔಷಧ ಬದಲಿಸಿದರು, ನೀವು ಬದುಕಿಕೊಂಡಿರಿ. ಆದರೂ ಮನೆಯ ಹಿರಿಯಳ ಮರ್ಯಾದೆ ಮಣ್ಣುಪಾಲಾಯಿತೆಂದು ನಿಮಗೆ ಸಂಕಟ. ಆ ಒಂದು ಮಾತಿಗೆ ಕೈಮುಗಿಯಲೆಂದೇ ಬರೆಯುತ್ತಿದ್ದೇನೆ.

ನಮ್ಮ ಊರನ್ನು ನೀವು ಗುರುತಿಸಲಾರಿರಿ. ಮನೆಮನೆಯ ಮೇಲೂ ಗಾಳಿಯಂತ್ರ ತಿರುಗುತ್ತದೆ, ಬೆಳಿಗ್ಗೆ ಹಾಲಿನ ಜೊತೆಗೆ ಬೆಳಗುಹನಿಯೂ ಬಾಗಿಲಿಗೆ ಬರುತ್ತದೆ. ಬೆಳಗುಹನಿ ಎಂದರೆ ನಿಮ್ಮ ಗುಳಿಗೆಯ ಮೊಮ್ಮಗಳು, ಮನಸ್ಸು ಕುಸಿಯದಂತೆ ಹಿಡಿಯುವ ಔಷಧ. ಅರ್ಧ ಊರು ಅದನ್ನು ಅಂಬಲಿಗೆ ಬೆರೆಸಿ ಕುಡಿಯುತ್ತದೆ. ನಾಚಿಕೆ ಎಂಬುದೇ ಇಲ್ಲ. ಆದರೆ ತಮಾಷೆ ನೋಡಿ, ನಾಚಿಕೆ ಹೋದ ಜೊತೆಗೇ ಅದು ಔಷಧ ಎಂಬ ನೆನಪೂ ಹೋಗಿದೆ. ನೀವು ಅದನ್ನು ಬಚ್ಚಿಟ್ಟಿರಿ. ನಾವು ಬಚ್ಚಿಡುವುದಿಲ್ಲ, ಆದರೂ ಯಾರಿಗೂ ಹೇಳುವುದಿಲ್ಲ.

ಹೋದ ವಾರ ನನ್ನ ಗಂಡ ನೇಸರ ಗಾಳಿಯಂತ್ರ ರಿಪೇರಿ ಮಾಡಲು ಹೋಗಿ ಏಣಿಯಿಂದ ಬಿದ್ದು ಭುಜ ಮುರಿದುಕೊಂಡರು. ನಾವು ಶುಶ್ರೂಷಾಲಯ ಎನ್ನುವ ಆಸ್ಪತ್ರೆಯಲ್ಲಿ, ಬೇರೆ ಔಷಧ ಏನಾದರೂ ಉಂಟೇ ಎಂದು ಕೇಳಿದರು. ಇಲ್ಲವೆಂದು ಇವರು ಎದೆ ತಟ್ಟಿ ಹೇಳಿದರು. ಅಫೀಮಿನ ಬಳಗದ ಒಂದು ನೋವಿನ ಔಷಧ ಕುಡಿಸಿ, ಇನ್ನೊಂದು ಸಲಕ್ಕೆಂದು ಸೀಸೆ ಕೊಟ್ಟು ಕಳಿಸಿದರು. ಮನೆಗೆ ಬಂದ ಮೇಲೆ ಇವರಿಗೆ ಬೆವರು, ನಡುಕ. ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ನೋವು ತಡೆಯಲಾಗುತ್ತಿಲ್ಲವೆಂದುಕೊಂಡು ನಾನು ಸೀಸೆಯ ಮುಚ್ಚಳ ತೆಗೆದೆ.

"ತಡಿಯವಾ, ಮೊದ್ಲ ತಾಟ್ ಹಿಡಿ" ಎಂದರು ಇವರ ತಾಯಿ, ನಮ್ಮತ್ತೆ.

ತಾಟು ಹಿಡಿಯುವುದು ನಿಮ್ಮಿಂದ ಬಂದ ಪದ್ಧತಿ. ನಮ್ಮ ಮನೆಯಲ್ಲಿ ಯಾರಿಗೇ ನೋವಿನ ಔಷಧ ಕೊಡುವ ಮೊದಲು, ಅವರು ದಿನವೂ ನುಂಗುವುದನ್ನೆಲ್ಲ ಒಂದು ತಾಟಿನಲ್ಲಿ ತಂದಿಡಬೇಕು. ಯಾಕೆ ತಗೊಳ್ಳುತ್ತೀ ಎಂದು ಯಾರೂ ಕೇಳಕೂಡದು. ಮದುವೆಯಾದ ಹೊಸತರಲ್ಲಿ ನಾನು ಇದನ್ನು ಕಂಡು ಮುಸಿಮುಸಿ ನಕ್ಕಿದ್ದೆ. ಈ ಸಲ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದೆ. ಅತ್ತೆ ಅಂಬಲಿಯ ಲೋಟ ತಂದು ತಾಟಿನಲ್ಲಿಟ್ಟರು. ಅಂಥ ನಡುಕದಲ್ಲೂ ಇವರು, "ಯವ್ವಾ, ಅಂಬ್ಲಿ ಯಾವಾಗ ಔಷಧ ಆತು?" ಎಂದು ರೇಗಿದರು. ಅತ್ತೆ ಮಗನ ಪಾದ ಹಿಡಿದು ಸರಕ್ಕನೆ ಮೇಲಕ್ಕೆ ಬಾಗಿಸಿದರು. ಪಾದ ತಾನೇ ತಾನಾಗಿ ಪಟಪಟ ಬಡಿದುಕೊಳ್ಳತೊಡಗಿತು. ಬರೀ ನೋವಿಗೆ ಪಾದ ಹೀಗೆ ಬಡಿಯದು, ಬೆಳಗುಹನಿಗೂ ಸೀಸೆಯ ಔಷಧಕ್ಕೂ ಜಗಳ ಬಿದ್ದ ಗುರುತು ಅದು ಎಂದರು.

ಕಾರಣ ನಿಮ್ಮ ಕಾಲದ ಡಾಕ್ಟರಿಗೂ ಗೊತ್ತಿತ್ತು. ಮಿದುಳಿನಲ್ಲಿ ಸೆರೊಟೋನಿನ್ ಎಂಬುದೊಂದಿದೆ. ಅದು ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಿ ಮತ್ತೆ ಒಳಗೆ ಹೋಗಬೇಕು. ನಿಮ್ಮ ಗುಳಿಗೆ ಅದನ್ನು ಬೇಗ ಒಳಗೆ ಹೋಗಗೊಡದೆ ಮನಸ್ಸಿಗೆ ಆಸರೆಯಾಗುತ್ತದೆ. ಅಫೀಮಿನ ಬಳಗದ ಔಷಧಗಳೆಲ್ಲ ಒಂದೇ ಥರದವಲ್ಲ. ಕೆಲವು ನೋವನ್ನಷ್ಟೇ ತಣಿಸುತ್ತವೆ; ಟ್ರಮಡಾಲ್‌ನಂಥ ಕೆಲವು ಜೊತೆಗೆ ಆ ಸೆರೊಟೋನಿನ್ನಿನ ದಾರಿಗೂ ಅಡ್ಡ ನಿಲ್ಲುತ್ತವೆ. ಎರಡೂ ಸೇರಿದರೆ ಕೆಲವರಲ್ಲಿ ಸೆರೊಟೋನಿನ್ ಮಿತಿಮೀರಿ ನಡುಕ, ಬೆವರು, ಜ್ವರ ಬರುತ್ತವೆ, ಪ್ರಾಣವೂ ಹೋಗಬಹುದು. ನೋಡುವವರು ನೋವೆಂದೋ ಹೆದರಿಕೆಯೆಂದೋ ತಿಳಿದು ಅದೇ ಔಷಧವನ್ನು ಇನ್ನಷ್ಟು ಕೊಡುತ್ತಾರೆ. ನಾನು ಕೊಡಲಿದ್ದೆನಲ್ಲ, ಹಾಗೆ.

ಅತ್ತೆ ಹೇಳಿಕಳಿಸಿದ್ದೇ ತಡ ಶುಶ್ರೂಷಾಲಯದವರು ಓಡಿ ಬಂದರು. ಎರಡೂ ಔಷಧ ನಿಲ್ಲಿಸಿ, ಮೈ ತಣ್ಣಗೆ ಮಾಡಿ, ನರಗಳನ್ನು ಶಾಂತಗೊಳಿಸುವ ಮದ್ದು ಕೊಟ್ಟು ಪಕ್ಕದಲ್ಲೇ ಕಾದರು. ಮರುದಿನ ಇವರು ಕಣ್ಣು ಬಿಟ್ಟವರೇ ಅಂಬಲಿ ಕೇಳಿದರು. ನಾನು ಬೈದೆ, ಆಮೇಲೆ ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ.

ನನ್ನ ಗಂಡ ಉಳಿದದ್ದು ನಿಮ್ಮಿಂದ. ಆ ಋಣ ತೀರಿಸುವ ದಾರಿ ನನಗೆ ತಿಳಿಯದು. ಆದರೆ ಸೊಸೆಯಿಂದ ಸೊಸೆಗೆ ಬಂದ ಒಂದು ಮಾತು ನನ್ನಲ್ಲಿದೆ, ಅದನ್ನು ನಿಮಗೆ ಮುಟ್ಟಿಸುತ್ತೇನೆ. ಸುಮಂಗಲಾ ನಿಮ್ಮ ಬೆನ್ನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದಾಳೆ. ನಿಮ್ಮನ್ನು ಹಗುರವಾಗಿ ಕಾಣುತ್ತಿದ್ದಾಳೆಂದು ನೀವು ತಿಳಿದಿದ್ದೀರಿ. ಆಕೆಯ ಚೀಲದಲ್ಲೂ ಅದೇ ಗುಳಿಗೆ ಇದೆ, ಅತ್ತೆ. ಹೆರಿಗೆಯಾದಾಗಿನಿಂದ ತೆಗೆದುಕೊಳ್ಳುತ್ತಿದ್ದಾಳೆ, ನಿಮಗೆ ಹೇಳಲು ಧೈರ್ಯವಿಲ್ಲ.

ಆಕೆಯ ಕಡೆ ತಿರುಗಿ.